ಎಡಗಡೆ ನಾಲ್ಕನೇ ಹಲ್ಲು

ಜೂನ್ 30, ಸೋಮವಾರ. ಬೆಳಗ್ಗೆ 6.10

ಗಾಳಿ ನೋಡಿದೆ. ಮುಂದೆ 25, ಹಿಂದೆ 32. ಸರಿ ಇದೆ. ಟೈರ್ ಹೊಸದು. ಚೈನ್ ನಿನ್ನೆ ಬಿಗಿ ಮಾಡಿಸಿದ್ದೇನೆ. ಆದರೂ ಬಲಕ್ಕೆ ತಿರುಗಿಸಿದರೆ ಗಾಡಿಯ ಹಿಂಭಾಗ ಕುಣಿಯುತ್ತದೆ. ಎಡಕ್ಕೆ ಹೇಗೋ ಹೋಗುತ್ತದೆ. ಬಲಕ್ಕೆ ಮೊಂಡು.

ಕಾರಹುಣ್ಣಿಮೆಗೆ ಬಳಗಾನೂರಿಗೆ, ಮಾವನ ಮನೆಗೆ, ಹೋಗಿ ಬಂದ ಮೇಲೆ ಶುರುವಾದದ್ದು ಇದು. ಕಾಲುವೆ ರಸ್ತೆಯ ಗುಂಡಿಗಳದೇ ಕೆಲಸ ಇರಬೇಕು. ಹತ್ತು ದಿನದ ಹಿಂದೆ ಹಳ್ಳದ ತಿರುವಿನಲ್ಲಿ ಗಂಡ ಹೆಂಡತಿ ಇಬ್ಬರೂ ಬಿದ್ದೆವು. ಅಮರೇಶ್ವರಿಯ ಮೊಣಕೈ ತರಚಿತು. ನನ್ನ ಮಾನವೂ.

"ಗಾಡಿ ನೆಟ್ಟಗಾಗೋತನ ನಾ ಹಿಂದ ಕೂಡಂಗಿಲ್ರಿ," ಅಂದಿದ್ದಾಳೆ. ಅಂದಂತೆಯೇ ನಡೆಯುತ್ತಿದ್ದಾಳೆ. ಅವಳು ಸಂತೆಕಲ್ಲೂರು ಆಸ್ಪತ್ರೆಯಲ್ಲಿ ನರ್ಸ್, ನಾನು ಅದೇ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಮದುವೆಯಾದಾಗಿನಿಂದ ಮಸ್ಕಿಯಿಂದ ಜೊತೆಗೇ ಹೋಗಿ ಬರುತ್ತಿದ್ದೆವು. ಈಗ ಅವಳು ಆಟೋ, ನಾನು ಬೈಕು.

ಮನೆಯಲ್ಲಿ ಹನ್ನೊಂದು ಜನ. ನಾವಿಬ್ಬರೂ ಮನಸು ಬಿಚ್ಚಿ ಮಾತಾಡುತ್ತಿದ್ದದ್ದು ಆ ಬೈಕಿನ ಮೇಲೆ ಮಾತ್ರ. ಇದನ್ನು ಯಾವ ಮೆಕ್ಯಾನಿಕ್‌ಗೆ ಹೇಳಲಿ?

ಜುಲೈ 2, ಬುಧವಾರ

ನಮ್ಮೂರ ಮೆಕ್ಯಾನಿಕ್ ದಾವಲ್‌ಸಾಬ್ ಒಂದು ಸುತ್ತು ಓಡಿಸಿ ಬಂದ. "ಸರ್ರ, ಹ್ಯಾಂಡಲ್ ಕೋನ್‌ಸೆಟ್ ಹೋಗೈತಿ."

"ಅಲ್ಲಾಡೋದು ಹಿಂದ ದಾವಲ್‌ಸಾಬ್."

"ಹಿಂದ ಅಲ್ಲಾಡ್ತಂದ್ರ ಬ್ಯಾನಿ ಮುಂದ ಇರ್ತೈತ್ರಿ."

ಕೋನ್‌ಸೆಟ್ ಹೊಸದು ಹಾಕಿಸಿದೆ. ಸಂಜೆ ಹಳ್ಳದ ತಿರುವು. ಕುಣಿತ ಹಾಗೇ ಇದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಜುಲೈ 5, ಶನಿವಾರ

ಅರ್ಧ ದಿನದ ಶಾಲೆ ಮುಗಿಸಿ ಲಿಂಗಸುಗೂರಿಗೆ. ಅಲ್ಲಿ ದೊಡ್ಡ ಮೆಕ್ಯಾನಿಕ್ ಇದ್ದಾನೆಂದು ಕೇಳಿದ್ದೆ. ಮುಂದಿನ ಫೋರ್ಕಿನ ಆಯಿಲ್ ಬದಲಿಸಿದ. ಓಡಿಸಿ ನೋಡಿ ಹಲ್ಲು ಕಿಸಿದ. "ಗಾಡಿ ಚಲೋ ಐತ್ರಿ ಸರ್. ಒಂದ್ಸಲ ಬಿದ್ದೀರಿ, ಅಂಜಿಕಿ ಕುಂತೈತಿ. ಗಾಡಿ ನಡುಗಾಕತ್ತಿಲ್ಲ, ನೀವು ನಡುಗಾಕತ್ತೀರಿ."

ಹದಿನಾರು ವರ್ಷದಿಂದ ಗಾಡಿ ಹೊಡೆಯುತ್ತಿದ್ದೇನೆ. ನಡುಗುತ್ತೇನಂತೆ! ಬರುವಾಗ ಪ್ರತಿ ತಿರುವಿನಲ್ಲೂ ಕೈ ನೋಡಿಕೊಂಡೆ. ನಡುಗುತ್ತಿರಲಿಲ್ಲ. ಸಿಟ್ಟಿಗೆ ಸ್ವಲ್ಪ ನಡುಗಿರಬಹುದು.

ಜುಲೈ 11, ಶುಕ್ರವಾರ

ಅಮರೇಶ್ವರಿ ಆಟೋದ ಹಿಂದಿನ ಸೀಟಿನಲ್ಲಿ ಹಿಂದಿನ ರಸ್ತೆಗೆ ಮುಖ ಮಾಡಿ ಕುಳಿತಿದ್ದಳು. ಇಪ್ಪತ್ತು ಅಡಿ ಹಿಂದೆ ನಾನು, ಖಾಲಿ ಸೀಟು ಹೊತ್ತುಕೊಂಡು. ಏನೋ ಹೇಳಿದಳು. ಕೇಳಲಿಲ್ಲ. ಹಾರ್ನ್ ಹೊಡೆದೆ. ಪಕ್ಕದ ಮುದುಕಿ ನನ್ನನ್ನು ಯಾವನೋ ಪೋಲಿ ಎಂದು ತಿಳಿದು ಬೈದಳು.

ಸಂಜೆ ಏನು ಹೇಳಿದ್ದೆ ಎಂದು ಕೇಳಿದೆ. "ಮರ್ತೋತು ಬಿಡ್ರಿ," ಅಂದಳು. ಹೀಗೆ ಎಷ್ಟು ಮಾತು ಮರೆತು ಹೋಗುತ್ತಿವೆಯೋ.

ಜುಲೈ 13, ಭಾನುವಾರ

ಸಿಕ್ಕಿತು!! ಸಿಕ್ಕಿತು!

ಗಾಡಿ ತೊಳೆಯುತ್ತಿದ್ದೆ. ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್‌ಗೆ ಬೆರಳು ದಪ್ಪ ಕೆಸರು. ಉಜ್ಜಿದೆ. ಸ್ಪ್ರಿಂಗ್ ಬಿಗಿ ಮಾಡಲು ಕೆಳಗೆ ಹಲ್ಲುಗಳಿರುತ್ತವಲ್ಲ — ಬಲಗಡೆ ಮೊದಲನೇ ಹಲ್ಲು, ಎಡಗಡೆ ನಾಲ್ಕನೇ ಹಲ್ಲು. ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಬಿಗಿ. ಕುಣಿಯದೆ ಇನ್ನೇನು ಮಾಡೀತು?

ನೇರ ದಾವಲ್‌ಸಾಬನ ಅಂಗಡಿಗೆ ಹೋಗಿ ರೇಗಾಡಿದೆ. "ಖುದಾ ಕಸಂ ಸರ್ರ, ನಾ ಹಿಂದ ಕೈ ಹಚ್ಚಿಲ್ಲ," ಅಂದ. ಅದೂ ನಿಜ. ಅವನು ಹಿಂದೆ ನೋಡಲೇ ಇಲ್ಲವಲ್ಲ, ಅದೇ ನನ್ನ ತಕರಾರು. ಪಾನಾ ಇಸಿದುಕೊಂಡು ಎರಡೂ ಕಡೆ ಎರಡನೇ ಹಲ್ಲಿಗೆ ತಂದೆ. ಹಳ್ಳದ ತಿರುವಿನಲ್ಲಿ ಆರು ಸಲ ತಿರುಗಿದೆ. ಬೆಣ್ಣೆ.

ಜುಲೈ 14, ಸೋಮವಾರ

ಕುಳಿತಳು. ಹೋಗುವ ತನಕ ಮಾತು, ಬರುವ ತನಕ ಮಾತು.

ಜುಲೈ 20, ಭಾನುವಾರ

ಮಾವ ಬಂದಿದ್ದರು. ಗ್ಯಾನಪ್ಪ ಮಾವ ಮಿತಭಾಷಿ. ಒಂದು ಚೀಲ ಅಕ್ಕಿ ಇಳಿಸಿದರು, ಉಂಡರು, ಅಂಗಳದಲ್ಲಿ ಎಲೆ ಅಡಿಕೆ ಹಾಕಿಕೊಂಡರು, ಹೋದರು. ನಾನು ಮಲಗಿದ್ದೆ.

ಜುಲೈ 21, ಸೋಮವಾರ. ಸ್ಟಾಫ್ ರೂಮ್

ಮತ್ತೆ ಕುಣಿಯಿತು. ಹಳ್ಳದ ತಿರುವಿನಲ್ಲೇ. ಅಮರೇಶ್ವರಿ ನನ್ನ ಭುಜ ಹಿಡಿದಳು. ಗಾಡಿ ನಿಲ್ಲಿಸಿದೆ. ಇಳಿದು ಆಟೋಗೆ ಕೈ ಮಾಡಿದಳು. ಬೈದಿದ್ದರೂ ಚೆನ್ನಾಗಿತ್ತು.

ಕೂತು ನೋಡಿದೆ. ಎಡಗಡೆ ನಾಲ್ಕನೇ ಹಲ್ಲು.

ನಿನ್ನೆ ಅಂಗಳದಲ್ಲಿ ಗಾಡಿಯ ಪಕ್ಕ ಕುಳಿತಿದ್ದವರು ಒಬ್ಬರೇ. ಕಾರಹುಣ್ಣಿಮೆಯ ದಿನ ಗಾಡಿ ನಿಂತಿದ್ದದ್ದೂ ಅವರ ಅಂಗಳದಲ್ಲೇ. ಹೆಣ್ಣು ಕೊಟ್ಟ ಮಾವ ಅಳಿಯನನ್ನು ಕೆಡವಲು ನೋಡುತ್ತಾರೆಯೇ? ಎರಡು ಪೀರಿಯಡ್ ಇದೇ ತಲೆಯಲ್ಲಿ. ಮಕ್ಕಳಿಗೆ ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು.

ಜುಲೈ 27, ಭಾನುವಾರ. ರಾತ್ರಿ

ಬಳಗಾನೂರಿಗೆ ಹೋಗಿದ್ದೆವು. ಅವಳು ಬಸ್ಸಿಗೆ, ನಾನು ಬೈಕಿಗೆ. ಹಲ್ಲು ಮುಟ್ಟದೆ ಹಾಗೇ ಒಯ್ದಿದ್ದೆ, ಸಾಕ್ಷಿ ಇರಲಿ ಎಂದು.

ಕೇಳಿದೆ. ಮಾವ ಮುಚ್ಚಿಡಲಿಲ್ಲ. ಸಂತೋಷದಿಂದಲೇ ಹೇಳಿದರು.

"ಹೌದ್ರಿ ಅಳಿಯಂದ್ರ, ನಾನ ಮಾಡೀನಿ. ನಡ ನೋಯ್ತೈತಪ್ಪ ಅಂತ ಇಕಿ ಫೋನ್ನಾಗ ಅಂದಿದ್ಲು. ಇಕಿ ಕುಂದರೋದು ಎರಡೂ ಕಾಲು ಎಡಕ್ಕ ಹಾಕಿ, ಒಂದ ಕಡಿ. ಭಾರ ಬಿದ್ದ ಕಡಿ ಗಟ್ಟಿ ಇರ್ಬೇಕು. ನನ್ನ ಗಾಡಿಗಿ ಹಾಲಿನ ಕ್ಯಾನ್ ಕಟ್ಟೋ ಕಡಿನೂ ಹಂಗ ಮಾಡೀನಿ. ಮನ್ನಿ ಬಂದಾಗ ನೋಡಿದ್ರ ಯಾವನೋ ಸಡ್ಲ ಮಾಡಿದ್ದ. ಮತ್ತ ಹಾಕಿ ಬಂದೆ."

ಆ ಯಾವನೋ ನಾನೇ. ವಾರದಿಂದ ಕೂಡಿಸಿಟ್ಟ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ.

ಅಮರೇಶ್ವರಿ ಹಣೆ ಬಡಿದುಕೊಂಡಳು. "ಅಪ್ಪಾ, ಅದಕ್ಕ ನಾವು ಬಿದ್ದಿದ್ದು!"

ಮಾವನ ಮುಖ ಬಾಡಿತು. ಅವಳ ಮೊಣಕೈ ಕಡೆ ನೋಡಿದರು. ಗಾಯದ ಕಲೆ ಇನ್ನೂ ಇದೆ. ಆಮೇಲೆ ಅವಳೇ ಹೇಳಿದಳು. "ಇನ್ನ ನಾ ಎರಡೂ ಕಡಿ ಕಾಲು ಹಾಕಿ ಕುಂದರ್ತೀನಿ. ಚೂಡಿ ಹಾಕ್ಕೊಂಡು. ಭಾರ ಸಮ ಬೀಳ್ತೈತಿ."

ಅಪ್ಪನೆದುರು ಈ ಮಾತು! ನಾನು ಛಾವಣಿ ನೋಡಿದೆ. ಮಾವ ನೆಲ ನೋಡಿದರು. ಆಮೇಲೆ ಎದ್ದು ಪಾನಾ ತಗೊಂಡು ಹೊರಗೆ ಹೋದರು.

"ಹಂಗಾದ್ರ ಈ ಕಡಿನೂ ಗಟ್ಟಿ ಮಾಡ್ಬೇಕಲ್ಲ," ಅಂದರು. ಬಲಗಡೆಯನ್ನೂ ನಾಲ್ಕನೇ ಹಲ್ಲಿಗೆ ಏರಿಸಿದರು. ನಾನು ಗಾಡಿ ಅಲ್ಲಾಡದಂತೆ ಹಿಡಿದುಕೊಂಡೆ.

ಜುಲೈ 28, ಸೋಮವಾರ. ಮಧ್ಯಾಹ್ನದ ಬಿಡುವು

ಮನೆ ಮುಂದೆ ಒಂದೇ ಕಡೆ ಕುಳಿತಳು, ಅವ್ವ ಬಾಗಿಲಲ್ಲಿ ನಿಂತಿದ್ದಳಲ್ಲ. ಓಣಿ ದಾಟಿದ ಮೇಲೆ ಇಳಿದು ಎರಡೂ ಕಡೆ ಕಾಲು ಹಾಕಿದಳು.

ಗಾಡಿ ಈಗ ಕಲ್ಲು. ಒಂದೊಂದು ಗುಂಡಿಯೂ ನೆತ್ತಿಗೆ ಬಡಿಯಿತು. ಆದರೆ ಹಳ್ಳದ ತಿರುವಿನಲ್ಲಿ ತಿರುಗಿತು. ಸುಮ್ಮನೆ, ತನ್ನ ಪಾಡಿಗೆ ತಿರುಗಿತು.

"ನಡ ನೋಯ್ತೈತೇನು?"

"ನೋಯ್ತೈತ್ರಿ."

"ಸಡ್ಲ ಮಾಡ್ಲೇನು?"

"ಬ್ಯಾಡ್ರಿ. ಅಪ್ಪ ಮಾಡ್ಯಾನ. ಒಂದು ವಾರ ಇರ್ಲಿ."

ಆಸ್ಪತ್ರೆ ಮುಂದೆ ಇಳಿದವಳು ಒಳಗೆ ಹೋಗದೆ ನಿಂತಳು. "ಸಂಜಿಗಿ ಲಿಂಗಸುಗೂರಿಗಿ ಹೋಗಿ ಬರೂಣೇನ್ರಿ?"

"ಅಲ್ಲೇನೈತಿ?"

"ಏನಿಲ್ಲ. ತಿರುವು ಭಾಳ ಅದಾವಲ್ಲ."

ಅದಕ್ಕೆ ನಾನು ಅಂದೆ —

ಗಂಟೆ ಹೊಡೆಯಿತು. ಒಂಬತ್ತನೇ ತರಗತಿ. ಸಂಜೆ ಬರೆಯಲು ಆಗುವುದಿಲ್ಲ, ತಿರುವುಗಳಿವೆ.