ಹದಿಮೂರು ಗಂಟೆ ಐವತ್ತೆರಡು ನಿಮಿಷ

ಮಾರ್ಚ್ 4
ಮತ್ತೆ ಅದೇ ಜಗಳ. ಮ್ಯಾನೇಜರ್‌ಗೆ ನೇರ ದಾರಿಯೇ ಬೇಕು — 12,310 ಕಿಲೋಮೀಟರ್. ನನ್ನ ದಾರಿ ಉತ್ತರಕ್ಕೆ ಬಾಗಿ 12,640.
"ಮುನ್ನೂರು ಚಿಲ್ಲರೆ ಕಿಲೋಮೀಟರ್ ಸುತ್ತಿಸಿ ಬೇಗ ಮುಟ್ಟಿಸ್ತೀಯಾ?"
ಮುಟ್ಟಿಸ್ತೀನಿ. ಅಲ್ಲಿ ಗಾಳಿ ಬೆನ್ನಿಗಿದೆ. ನೇರ ಹೋದರೆ ಹದಿನಾಲ್ಕೂಕಾಲು ಗಂಟೆ, ಇಂಧನ ಸಾಲದೆ ಮಧ್ಯೆ ಇಳಿಯಲೇಬೇಕು. ನನ್ನ ದಾರಿಯಲ್ಲಿ 13:52. ಹದಿನಾರು ವರ್ಷದಿಂದ ವಿಮಾನಗಳಿಗೆ ದಾರಿ ಹಾಕಿಕೊಡುವ ಡಿಸ್ಪ್ಯಾಚರ್ ನಾನು. ಮೇಲಿನ ಗಾಳಿ ನನಗೆ ಮನೆಮಂದಿಗಿಂತ ಚೆನ್ನಾಗಿ ಗೊತ್ತು. 12ಕ್ಕೆ ಮೊದಲ ನಾನ್‌ಸ್ಟಾಪ್. ನೋಡೇಬಿಡೋಣ.

ಮಾರ್ಚ್ 10, ಸಂಜೆ
ಬರೆಯೋಕಾಗಲಿಲ್ಲ. ಅತ್ತೆಯ ಅಕ್ಕ ಆಸ್ಪತ್ರೆ ಸೇರಿದ್ದಾರೆ — ಅದೇ ಊರಲ್ಲಿ, 12,640ರ ಆಚೆ ತುದಿ. ಇನ್ನು ಎರಡು ಮೂರು ದಿನ ಅಂದರಂತೆ ಡಾಕ್ಟರು. ಅಕ್ಕತಂಗಿ ಮುಖ ನೋಡಿ ಹನ್ನೊಂದು ವರ್ಷ. ಬೇರೆ ವಿಮಾನಗಳಲ್ಲಿ ಎರಡು ಕಡೆ ಬದಲಾಯಿಸಿ ಮೂವತ್ತೊಂದು ಗಂಟೆ; ಅದಕ್ಕೂ ಸೀಟಿರೋದು 12ರ ಮಧ್ಯಾಹ್ನಕ್ಕೆ.
ಅತ್ತೆ ಬಟ್ಟೆ ಮಡಚುತ್ತಾ ಕೇಳಿದರು, "ನಿನ್ನ ವಿಮಾನ ನಿಜವಾಗ್ಲೂ ಎಲ್ಲೂ ನಿಲ್ಲಲ್ವಾ?"
"ನಿಲ್ಲಲ್ಲ ಅತ್ತೆ."
"ಅನ್ನಕ್ಕೆ ನೀರೆಷ್ಟು ಅಂತ ಗೊತ್ತಿಲ್ಲ ನಿಂಗೆ."
"ಅದು ಬೇರೆ, ಇದು ಬೇರೆ."
ನಕ್ಕರು. ಟಿಕೆಟ್ ಮಾಡಿಸಿದೆ.

ಮಾರ್ಚ್ 12, ಬೆಳಗ್ಗೆ 7:00
ನಸುಕಿಗೇ ಕ್ಯಾಪ್ಟನ್ — ಎಲ್ಲರೂ ಮೀಸೆ ಅಂತಲೇ ಕರೆಯೋದು — ಪ್ಲಾನ್ ಓದಿದರು. ಅವರ ಸಹಿ, ನನ್ನ ಸಹಿ, ಎರಡೂ ಬೀಳಬೇಕು.
"ನಿಮ್ಮತ್ತೆ ಬರ್ತಿದ್ದಾರಂತೆ? ಸೊಸೆ ಹಾಕಿದ ಪ್ಲಾನಲ್ಲಿ ಅತ್ತೆ ಹೋಗ್ತಾರೆ ಅಂದ್ರೆ ಇನ್ನೊಂದ್ಸಲ ಓದ್ಬೇಕಾಗುತ್ತೆ."
ಓದಿದರು. ಸಹಿ ಹಾಕಿದರು. 6:31ಕ್ಕೆ ಚಕ್ರ ನೆಲ ಬಿಟ್ಟಿತು.

ಮಧ್ಯಾಹ್ನ 2:40
ಮೀಸೆಯಿಂದ ಮೆಸೇಜ್. ಗಾಳಿ ಹೇಳಿದಷ್ಟಿಲ್ಲ. ಹೀಗೇ ಆದರೆ ಇಂಧನ ಸಾಲದು. ಮ್ಯಾನೇಜರ್ ಕುರ್ಚಿ ಹಿಂದೆ ಬಂದು ನಿಂತರು. "ಮಧ್ಯೆ ಇಳಿಸು. ಹಟ ಬೇಡ."
ಇಳಿಸಿದರೆ ಪೈಲಟ್‌ಗಳ ಡ್ಯೂಟಿ ಅವಧಿ ಮುಗಿಯುತ್ತೆ, ಮತ್ತೆ ಹಾರೋದು ನಾಳೆಯೇ. ನಾಳೆವರೆಗೆ ಅತ್ತೆಯ ಅಕ್ಕ ಇರ್ತಾರೋ ಇಲ್ಲವೋ.
ಹೆದರಿದೆ, ಸುಳ್ಳೇಕೆ. ಆದರೆ ಅತ್ತೆ ಕೂತಿದ್ದಾರೆ ಅಂತ ಲೆಕ್ಕ ತಿದ್ದೋ ಹಾಗಿಲ್ಲ. ಅವರು ಆ ವಿಮಾನದಲ್ಲಿಲ್ಲ ಅಂದುಕೊಂಡು ಮೊದಲಿಂದ ಹಾಕಿದೆ. ಈಗಿರೋ ಎತ್ತರಕ್ಕಿಂತ ಎರಡು ಸಾವಿರ ಅಡಿ ಮೇಲೆ ಗಾಳಿ ಜೋರಿದೆ. ಕಳಿಸಿದೆ — ಮೇಲೆ ಹತ್ತಿ. ಒಂದು ಗಂಟೆಯಲ್ಲಿ ಇಂಧನ ಪ್ಲಾನಿಗೆ ಬರದಿದ್ದರೆ ಇಳಿಸೋಣ ಅಂತ ನಾನೇ ಹೇಳ್ತೀನಿ.

3:45
ಬಂತು. ಮುನ್ನೂರು ಕೆಜಿ ಜಾಸ್ತಿಯೇ ಉಳಿಯುತ್ತೆ. ಮ್ಯಾನೇಜರ್ ತಾವೇ ಕಾಫಿ ತಂದಿಟ್ಟು ಹೋದರು.

ರಾತ್ರಿ 8:22
ಇಳಿಯಿತು. 13:51. ಉಳಿದ ಒಂದು ನಿಮಿಷದ ಹೆಗ್ಗಳಿಕೆ ಮೀಸೆಗೆ ಬಿಟ್ಟುಕೊಟ್ಟೆ.

9:50
ಅತ್ತೆ ಫೋನು, ಆಸ್ಪತ್ರೆಯಿಂದ. ದನಿ ಕೇಳಿದ್ದೇ ಅಳು ಬಂತು.
"ಇದ್ದಾಳೆ ಕಣೇ. ಕೈ ಬಿಡ್ತಿಲ್ಲ. ಆದ್ರೆ ಬೈತಿದ್ದಾಳೆ, ವಿಮಾನ ನಲವತ್ತು ನಿಮಿಷ ಲೇಟು ಅಂತ. ನೀನು ಹೇಳಿದ ಹದಿಮೂರು ಐವತ್ತೆರಡನ್ನೇ ಅವಳಿಗೂ ಹೇಳಿದ್ದೆ. ಆರು ಗಂಟೆಗೆ ವಿಮಾನದ ಬಾಗಿಲು ಹಾಕಿದ್ರು ಅಂತ ಅವಳಿಗೆ ಫೋನ್ ಮಾಡಿದ್ನಲ್ಲ, ಅಲ್ಲಿಂದ ಗಡಿಯಾರ ನೋಡ್ತಾ ಮಲಗಿದ್ಲಂತೆ."
ಅಯ್ಯೋ. ಡಿಸ್ಪ್ಯಾಚರ್‌ಗೆ ಹೊತ್ತು ಶುರುವಾಗೋದೇ ಚಕ್ರ ಎದ್ದ ಮೇಲೆ. ನೆಲದ ಮೇಲೆ ಉರುಳುವ ಹೊತ್ತು, ಈ ಕಡೆ ಅರ್ಧ ಗಂಟೆ, ಆ ಕಡೆ ಹತ್ತು ನಿಮಿಷ, ಹೇಳಲೇ ಇಲ್ಲ ನಾನು.
ಫೋನು ಕೈ ಬದಲಾಯಿತು. ತೆಳ್ಳಗಿನ ದನಿ.
"ಲೆಕ್ಕದವಳು ನೀನೇ ಏನೇ?"
"ಹೌದು ದೊಡ್ಡತ್ತೆ. ತಪ್ಪಾಯ್ತು."
"ನಿನ್ನಿಂದ ನಲವತ್ತು ನಿಮಿಷ ಜಾಸ್ತಿ ಬದುಕ್ಬೇಕಾಯ್ತು ನೋಡು."
ಪ್ಲಾನಿನಲ್ಲಿ 13:52ರ ಪಕ್ಕ ಪೆನ್ನಲ್ಲಿ ಬರೆದುಕೊಂಡೆ: ನೆಲದ ಮೇಲೆ ನಲವತ್ತು ನಿಮಿಷ.