ದಿನಕ್ಕೆ ಮೂರು ಚಮಚ

ಮಾರ್ಚ್ 9, ಭಾನುವಾರ

ಪ್ರೀತಿಯ ಗುಂಡನಿಗೆ,

ಹೇಗಿದ್ದೀಯ ಅಂತ ಕೇಳುವುದಿಲ್ಲ. ಆಸ್ಪತ್ರೆಯಲ್ಲಿ ಮಲಗಿದವನಿಗೆ ಆ ಪ್ರಶ್ನೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿರುತ್ತದೆ. ಫೋನಿನಲ್ಲಿ ನಾಲ್ಕು ಮಾತಾಡಿದರೆ ಏದುಸಿರು ಬರುತ್ತದೆ, ಕಾಗದ ಬರೆದುಬಿಡು ಅಂತ ನೀನೇ ಹೇಳಿದ್ದೆ. ಎರಡು ವಾರ ತಡ ಮಾಡಿದ್ದೇನೆ. ಬೈದುಕೋ, ಬೈಯುವುದಕ್ಕಾದರೂ ಸ್ವಲ್ಪ ಶಕ್ತಿ ಬರಲಿ.

ಇಲ್ಲಿಯ ಸುದ್ದಿ ಅಂದರೆ ನನ್ನ ಉಪವಾಸ, ಅಷ್ಟೇ. ನನ್ನ ಲಿವರಿನ ತುಂಡು ನಿನಗೆ ಕೊಡಬೇಕಾದರೆ ಮೊದಲು ಅದರೊಳಗಿನ ಕೊಬ್ಬು ಇಳಿಯಬೇಕು ಅಂದಿದ್ದರಲ್ಲ ಡಾಕ್ಟರು. ಹನ್ನೊಂದು ದಿನದ ಹಿಂದೆ ಶುರು ಮಾಡುವಾಗ ನೂರಕ್ಕೆ ಇಪ್ಪತ್ತನಾಲ್ಕು ಇತ್ತು. ಎಂಟು ವಾರದಲ್ಲಿ ಹತ್ತರ ಒಳಗೆ ಬರಬೇಕು. ಬೆಳಿಗ್ಗೆ ಹತ್ತರಿಂದ ಸಂಜೆ ಆರರ ತನಕ ಊಟ, ಆಮೇಲೆ ಬರೀ ನೀರು. ಸಂಜೆ ಏಳಕ್ಕೆಲ್ಲ ಹೊಟ್ಟೆ ಚುರುಗುಟ್ಟುತ್ತದೆ, ಮಗಳು ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರೆ ಎದ್ದು ಬೇರೆ ಕೋಣೆಗೆ ಹೋಗುತ್ತೇನೆ.

ಕೊಬ್ಬಿನ ವಿಷಯದಲ್ಲಿ ನಾನು ಜಾಣೆಯಾಗಲು ಹೋಗಿ ಬೈಸಿಕೊಂಡೆ. "ಎಣ್ಣೆ ಬೆಣ್ಣೆ ಪೂರ್ತಿ ಬಿಟ್ಟುಬಿಡ್ತೀನಿ ಮೇಡಂ, ಬೇಗ ಇಳಿಯತ್ತೆ" ಅಂದೆ, ಆಸ್ಪತ್ರೆಯ ಪಥ್ಯದ ಮೇಡಂಗೆ. ಅವರು ಕನ್ನಡಕ ತೆಗೆದಿಟ್ಟರು. "ಯಾರ್ರೀ ಹೇಳಿದ್ದು ನಿಮಗೆ? ಇಷ್ಟು ಹೊತ್ತು ಖಾಲಿ ಹೊಟ್ಟೇಲಿದ್ದು, ತಿನ್ನೋವಾಗಲೂ ಕೊಬ್ಬೇ ಇಲ್ಲ ಅಂದ್ರೆ ಪಿತ್ತಕೋಶದಲ್ಲಿ ಕಲ್ಲಾಗಬಹುದು. ಆಮೇಲೆ ಅದೊಂದು ರಗಳೆ. ಎಣ್ಣೆ, ಬೆಣ್ಣೆ ಎಲ್ಲಾ ಸೇರಿ ದಿನಕ್ಕೆ ಮೂರು ಟೀ ಚಮಚ. ಅದಕ್ಕಿಂತ ಕಮ್ಮಿ ಬೇಡ, ಜಾಸ್ತಿನಂತೂ ಬೇಡವೇ ಬೇಡ. ಹೊತ್ತು ನೋಡ್ಕೊಂಡು ತಿಂದ್ರೆ ಸಾಕು ಅಂದ್ಕೋಬೇಡಿ" ಅಂದರು.

ನಮ್ಮ ಹಾಲಿನ ಡೈರಿಯಲ್ಲಿ ಟ್ಯಾಂಕರ್ ಡ್ರೈವರನದು ಬೇರೆಯೇ ವೈದ್ಯ. "ಬೆಳಿಗ್ಗೆ ಕಾಫಿಗೆ ಒಂದು ಗಡ್ಡೆ ಬೆಣ್ಣೆ ಹಾಕ್ಕೊಂಡು ಕುಡೀರಿ ಅಕ್ಕಾ, ಮಧ್ಯಾಹ್ನದವರೆಗೂ ಹಸಿವೇ ಆಗಲ್ಲ. ನಾನು ಆರು ಕೆಜಿ ಇಳಿದೆ!" ಅನ್ನುತ್ತಾನೆ. ಅವನ ಹೊಟ್ಟೆ ಈಗಲೂ ಸ್ಟಿಯರಿಂಗಿಗೆ ತಾಗುತ್ತದೆ. ಆರು ಕೆಜಿ ಇಳಿದದ್ದು ಲಾರಿಯಿಂದ ಇರಬೇಕು.

ಮೊನ್ನೆ ಒಂದು ತಮಾಷೆ ಆಯಿತು. ಕರೆಂಟು ಹೋಗಿ ಹಾಲಿನ ಕೊಬ್ಬು ಅಳೆಯುವ ಯಂತ್ರ ನಿಂತುಬಿಟ್ಟಿತು. ಕ್ಯಾನುಗಳ ಸಾಲು ಬಾಗಿಲು ದಾಟಿತ್ತು. ನಾನು ಒಂದೊಂದರಿಂದ ಎರಡೆರಡು ಹನಿ ನಾಲಿಗೆಗೆ ಹಚ್ಚಿಕೊಂಡು, ಉಗಿದು, 'ಇದು ಮೂರು ಪಾಯಿಂಟ್ ಎಂಟು, ಇದು ನಾಲ್ಕು ಪಾಯಿಂಟ್ ಎರಡು' ಅಂತ ಚೀಟಿ ಅಂಟಿಸುತ್ತ ಹೋದೆ. ಕರೆಂಟು ಬಂದ ಮೇಲೆ ಯಂತ್ರವೂ ಅದನ್ನೇ ಹೇಳಿತು. ಸೂಪರ್‌ವೈಸರ್ ಬಾಯಿ ಬಿಟ್ಟುಕೊಂಡು ನಿಂತಿದ್ದ. ಇಪ್ಪತ್ತೆರಡು ವರ್ಷ ಬೇರೇನು ಕಲಿತಿದ್ದೇನೆ ಹೇಳು.

ನಿನ್ನ ಭಾವ ನನ್ನನ್ನು ಒಲೆಯ ಹತ್ತಿರ ಸೇರಿಸುವುದಿಲ್ಲ. ಬೇಕರಿಯಲ್ಲಿ ಬೆಳಗಿನ ಹಿಟ್ಟು ನಾದಿ ಮುಗಿಸಿ ಒಂಬತ್ತಕ್ಕೆ ಬರುತ್ತಾರೆ, ಕೈ ತೊಳೆದು ನೇರ ಅಡುಗೆಮನೆಗೆ. ಹತ್ತು ಹೊಡೆಯುವಷ್ಟರಲ್ಲಿ ಕುಂಬಳಕಾಯಿ ಸೂಪು ಸಿದ್ಧ. ಹಸಿದ ಬಾಯಿಗೆ ಎಲ್ಲವೂ ರುಚಿಯೋ ಏನೋ, ಬಟ್ಟಲು ಕೆರೆದು ತಿನ್ನುತ್ತೇನೆ.

ಹೆದರಬೇಡ. ಚಿಕ್ಕವನಿದ್ದಾಗ ನನ್ನ ತಟ್ಟೆಯಿಂದ ಕಿತ್ತುಕೊಂಡೇ ತಿನ್ನುತ್ತಿದ್ದೆ, ಈಗ ನಾನೇ ಕೊಡುತ್ತಿದ್ದೇನೆ. ಧೈರ್ಯವಾಗಿರು.

ನಿನ್ನ ಅಕ್ಕ


ಮೇ 6, ಮಂಗಳವಾರ

ಪ್ರೀತಿಯ ಗುಂಡನಿಗೆ,

ಸ್ಕ್ಯಾನ್ ಆಗಿ ಹದಿಮೂರು ದಿನವಾಯಿತು. ನಿನ್ನ ಫೋನು ನಾಲ್ಕು ಸಲ ಬಂತು, ಒಂದೇ ಸಲ ಎತ್ತಿದೆ. ಅದಕ್ಕೆ ಕ್ಷಮೆ ಕೇಳುವುದಕ್ಕೂ ಮುಖವಿಲ್ಲ. ನಿನ್ನ ಹೆಂಡತಿ ಹೇಳಿದಳು, ಕಾಲಿನ ಬಾವು ಏರಿದೆಯಂತೆ, ಕಣ್ಣು ಪೂರ್ತಿ ಹಳದಿಯಂತೆ. ಗುಂಡ ಅಂತ ಹೆಸರಿಟ್ಟಿದ್ದು ನಾನೇ. ಈಗ ನಿನ್ನ ಕೈ ತನ್ನ ಎರಡು ಬೆರಳಿನ ನಡುವೆ ಬರುತ್ತದೆ ಅಂದಳು. ಫೋನಿಟ್ಟು ಅತ್ತೆ.

ಆ ದಿನ ಏನಾಯಿತು ಅಂತ ನಿನಗೆ ಅರ್ಧಂಬರ್ಧ ಗೊತ್ತು. ನಾನು ಕಂಡದ್ದನ್ನು ಬರೆಯುತ್ತೇನೆ.

ಕೊಬ್ಬು ಇಪ್ಪತ್ತೆರಡು ಇತ್ತು. ಎಂಟು ವಾರಕ್ಕೆ ಇಳಿದದ್ದು ಎರಡೇ ಎರಡು. ಡಾಕ್ಟರು ಮತ್ತೆ ಮತ್ತೆ ಪರದೆ ನೋಡಿದರು. ಪಥ್ಯದ ಮೇಡಂ ನನ್ನನ್ನು ಕಾರಿಡಾರಿಗೆ ಕರೆದುಕೊಂಡು ಬಂದು, "ನಿಜ ಹೇಳಿ, ಏನು ತಿಂದ್ರಿ?" ಅಂತ ಮೆಲ್ಲಗೆ ಕೇಳಿದರು. ನಿನ್ನ ಹೆಂಡತಿ ಹಿಂದೆಯೇ ನಿಂತಿದ್ದಳು. "ಕದ್ದು ತಿಂದ್ರಾ ಅಕ್ಕಾ? ಎಂಟೇ ಎಂಟು ವಾರ ಬಾಯಿ ಕಟ್ಟೋಕಾಗ್ಲಿಲ್ವಾ ನಿಮಗೆ?" ಅಂತ ಕೂಗಿಬಿಟ್ಟಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಕೈಯೇ ಎತ್ತುತ್ತಿದ್ದೆ.

ಬೆಂಚಿನ ಮೇಲೆ ಕೂತಿದ್ದ ನಿನ್ನ ಭಾವ ಎದ್ದು ಬಂದರು. ಕೈಯಲ್ಲಿ ನನ್ನ ಚೀಲ ಹಾಗೇ ಇತ್ತು.

"ಅವಳನ್ನ ಬೈಬೇಡಮ್ಮ. ನಾನು ಹಾಕಿದ್ದು. ಮೊದಲನೇ ದಿನದಿಂದ, ಸೂಪಿಗೆ ದಿನಾ ಎರಡು ಸೌಟು ಕೆನೆ. ಬೇಕರಿಯಿಂದ ತರ್ತಿದ್ದೆ, ಬಣ್ಣ ಕಾಣದ ಹಾಗೆ ಕುಂಬಳಕಾಯಿ ಜೊತೆ ಅರೆದು ಹಾಕ್ತಿದ್ದೆ. ಅವಳಿಗೇನೂ ಗೊತ್ತಿಲ್ಲ."

ಆಮೇಲೆ ನಿನ್ನ ಹೆಂಡತಿ, "ಯಾಕಣ್ಣಾ?" ಅಂತ ಅಷ್ಟೇ ಕೇಳಿದಳು.

"ಲಿವರ್ ಕೊಟ್ಟೋರಲ್ಲಿ ಸಾವಿರಕ್ಕೆ ಒಬ್ಬಿಬ್ಬರು ಎದ್ದು ಬರಲ್ಲ ಅಂದ್ರಲ್ಲ ಡಾಕ್ಟ್ರು. ಮಗಳು ಹುಟ್ಟಿದಾಗ ಇವಳಿಗೆ ರಕ್ತ ನಿಲ್ಲದೇ ಹೋದಾಗ ಒಂದು ಕಾಗದಕ್ಕೆ ಸಹಿ ಹಾಕಿಸ್ಕೊಂಡ್ರು. ಉಳಿಯದಿದ್ರೆ ನಾವು ಜವಾಬ್ದಾರರಲ್ಲ ಅಂತ. ಇನ್ನೊಂದ್ಸಲ ಆ ಸಹಿ ಹಾಕೋಕೆ ನನ್ ಕೈಲಿ ಆಗಲ್ಲಮ್ಮ" ಅಂದರು. ಅಷ್ಟು ದೊಡ್ಡ ಮನುಷ್ಯ, ಚೀಲ ಎದೆಗೆ ಒತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ನಿಮ್ಮ ಕೈಯಾರೆ ಅವರನ್ನ ಕೊಂದ್ರಿ" ಅಂತ ನಿನ್ನ ಹೆಂಡತಿ ಹೇಳಿ ಹೊರಟುಹೋದಳು. ಪಥ್ಯದ ಮೇಡಂ ನನ್ನ ಭುಜ ಸವರಿ, "ಪಾಪ, ನೀವೇನ್ ಮಾಡ್ತೀರಿ" ಅಂದರು. ಅವತ್ತಿನಿಂದ ಎಲ್ಲರೂ ನನಗೆ ಅದನ್ನೇ ಹೇಳುತ್ತಿದ್ದಾರೆ.

ಮನೆಯಲ್ಲಿ ಮಗಳು ಅಪ್ಪ ಬಂದರೆ ಎದ್ದು ಹೋಗುತ್ತಾಳೆ. ಅವರು ನಮ್ಮ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಿದ್ದಾರೆ. ನಿಂತುಕೊಂಡೇ ಎರಡು ತುತ್ತು ತಿಂದು ತಟ್ಟೆ ತೊಳೆದಿಡುತ್ತಾರೆ. ಮೂವತ್ತು ವರ್ಷ ಕಣ್ಣು ಮುಚ್ಚಿ ಹಿಟ್ಟು ನಾದಿದವರು, ಹೋದ ವಾರ ಎರಡು ಸಲ ಉಪ್ಪು ಹಾಕಿ ಇಡೀ ಕೊಪ್ಪರಿಗೆ ಹಿಟ್ಟು ಕೆಡಿಸಿದರಂತೆ. ನಿನ್ನನ್ನು ನೋಡಲು ಬಂದು ಆಸ್ಪತ್ರೆಯ ಗೇಟಿನ ಹತ್ತಿರವೇ ಎರಡು ಗಂಟೆ ನಿಂತು ವಾಪಸಾದರು. ಅದು ನಿನಗೆ ಗೊತ್ತಿರಲಿಕ್ಕಿಲ್ಲ.

ಇನ್ನೊಂದು ಎಂಟು ವಾರ ಕೊಡಿ ಅಂತ ಡಾಕ್ಟರನ್ನು ಬೇಡಿಕೊಂಡೆ. "ಅಷ್ಟು ದಿನ ಕಾಯೋ ಸ್ಥಿತೀಲಿ ನಿಮ್ಮ ತಮ್ಮ ಇಲ್ಲಮ್ಮ. ಬೇರೆ ಯಾರದ್ದಾದ್ರೂ ಸಿಕ್ಕರೆ ನೋಡೋಣ" ಅಂದರು. ಆದರೂ ನಾನು ಮತ್ತೆ ಶುರು ಮಾಡಿದ್ದೇನೆ. ಈಗ ಅಡುಗೆ ನನ್ನದೇ, ದಿನಕ್ಕೆ ಮೂರು ಚಮಚ ಅಳೆದು ಬೇರೆ ಬಟ್ಟಲಿನಲ್ಲಿ ಇಟ್ಟುಕೊಳ್ಳುತ್ತೇನೆ. ಹದಿಮೂರು ದಿನಕ್ಕೆ ಎರಡೂವರೆ ಕೆಜಿ ಇಳಿದಿದ್ದೇನೆ. ಇಷ್ಟು ಸುಲಭವಿತ್ತು ಗುಂಡ.

ನೀನು ಉಳಿಯಬೇಕು. ಬೇರೆ ಯಾವ ಆಶೀರ್ವಾದವೂ ನನ್ನ ಬಾಯಿಗೆ ಬರುತ್ತಿಲ್ಲ. ಔಷಧಿ ಉಗುಳಬೇಡ, ನಿನ್ನ ಹೆಂಡತಿ ತಿನ್ನಿಸಿದ್ದನ್ನು ತಿನ್ನು. ನನ್ನ ಆಯಸ್ಸು ನಿನಗಿರಲಿ ಅಂತ ಬರೆಯಲು ಹೋದೆ, ಕೈ ನಿಂತಿತು.

ನಿನ್ನ ಅಕ್ಕ

ವಿ.ಸೂ.: ಲಕೋಟೆ ಅಂಟಿಸಿಯಾಗಿತ್ತು, ಮತ್ತೆ ಹರಿದೆ. ನಾನು ಫೋನು ಎತ್ತಿದ ಆ ಒಂದು ಸಲ ನೀನು, "ನೀನು ಬಾಯಿ ಕಟ್ಟಿದ್ದೆಯಲ್ಲ ಅಕ್ಕಾ, ನಂಗೆ ಅಷ್ಟು ಸಾಕು. ಭಾವನ ಮುಖ ಮಾತ್ರ ನಂಗೆ ತೋರಿಸ್ಬೇಡ" ಅಂದೆ. ಗುಂಡ, ಎರಡು ಹನಿ ಹಾಲಿನಲ್ಲಿ ಮೂರು ಪಾಯಿಂಟ್ ಎಂಟಕ್ಕೂ ನಾಲ್ಕು ಪಾಯಿಂಟ್ ಎರಡಕ್ಕೂ ವ್ಯತ್ಯಾಸ ಹೇಳುವವಳು ನಾನು. ಎರಡು ಸೌಟು ಕೆನೆ ನನಗೆ ಗೊತ್ತಾಗುವುದಿಲ್ಲವೇ? ಮೊದಲನೇ ದಿನ, ಮೊದಲನೇ ಚಮಚಕ್ಕೇ ಗೊತ್ತಾಯಿತು. ನಿನ್ನ ಭಾವ ಒಲೆಯ ಕಡೆ ಮುಖ ಮಾಡಿಕೊಂಡು ನಿಂತಿದ್ದರು. ಆಪರೇಷನ್ನಿನ ಹೆದರಿಕೆ ನನಗೂ ಇತ್ತು, ಅವರಿಗಿಂತ ಹೆಚ್ಚೇ ಇತ್ತು. ನಾಳೆ ಹೇಳಿದರಾಯಿತು ಅಂದುಕೊಂಡು ಐವತ್ತಾರು ದಿನ ಬಟ್ಟಲು ಕೆರೆದು ತಿಂದೆ. ಕಾರಿಡಾರಿನಲ್ಲಿ ಅವರು ಎಲ್ಲವನ್ನೂ ತಮ್ಮ ಮೈಮೇಲೆ ಎಳೆದುಕೊಂಡಾಗ ಪಕ್ಕದಲ್ಲೇ ಸುಮ್ಮನೆ ನಿಂತಿದ್ದೆ. ಅವರಿಗೆ ಇವತ್ತಿಗೂ ಗೊತ್ತಿಲ್ಲ, ತಾವೊಬ್ಬರೇ ಮಾಡಿದ್ದು ಅಂದುಕೊಂಡಿದ್ದಾರೆ. ಇವತ್ತು ಅವರು ಬೇಕರಿಯಿಂದ ಬಂದ ಕೂಡಲೇ ಈ ಕಾಗದವನ್ನು ಅವರಿಗೆ ಓದಿಸಿ, ಅವರ ಕೈಯಲ್ಲೇ ಕಳಿಸುತ್ತೇನೆ. ಗೇಟಿನ ಹತ್ತಿರ ನಿಂತಿರುತ್ತಾರೆ. ಅವರನ್ನು ಒಳಗೆ ಕರೆಸಿಕೋ. ನನ್ನನ್ನು ಕರೆಯಬೇಕೋ ಬೇಡವೋ, ಅದು ನಿನಗೆ ಬಿಟ್ಟದ್ದು.