ಕಲ್ಲಿನ ಮೇಲೊಂದು ರಾಬಿನ್

ಆಂಬಲ್, ನಾರ್ದಂಬರ್‌ಲ್ಯಾಂಡ್
೯ ಜನವರಿ ೧೯೭೮

ಪ್ರೀತಿಯ ಆಲ್ವಿನ್,

ಕೆಮ್ಮು ಹೇಗಿದೆ? ಸಮುದ್ರದ ನಡುವೆ ಆ ಎಣ್ಣೆಬಾವಿಯ ಅಟ್ಟಣಿಗೆ ಮೇಲೆ ಗಾಳಿಗೆ ಮೈಯೊಡ್ಡಿಕೊಂಡು ನಿಲ್ಲಬೇಡ. ಅತ್ತೆ ಹೆಣೆದ ಕಾಲುಚೀಲ ತಲುಪಿತೇ? ಅವರ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ನಾನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ.

ನಮ್ಮ ಮಗಳನ್ನು ಮಣ್ಣು ಮಾಡಿದ ಮೂರನೆಯ ದಿನವೇ ನೀನು ಕೆಲಸಕ್ಕೆ ಹೊರಟುಹೋದೆ. ಆಮೇಲೆ ಮನೆಯಲ್ಲಿ ಯಾರೂ ಅವಳ ಹೆಸರೆತ್ತಲಿಲ್ಲ. ಹೋದ ತಿಂಗಳು ಬಟ್ಟೆ ಒಣಹಾಕುವ ಕಂಬದ ಮೇಲೆ ಕೆಂಪೆದೆಯ ಒಂದು ರಾಬಿನ್ ಹಕ್ಕಿ ಬಂದು ಕೂತಿತು. ಅತ್ತೆ ಕಿಟಕಿಯಿಂದಲೇ, "ಹಿಲ್ಡಾ, ನೋಡೇ, ಬಂದ್ಲು ನಮ್ಮ ಮರಿಯಲ್!" ಎಂದು ಕೂಗಿದರು. ತೀರಿಕೊಂಡವರು ಹತ್ತಿರವಿದ್ದರೆ ರಾಬಿನ್ ಬರುತ್ತದೆ ಎಂದು ಅವರ ಅಮ್ಮ ಹೇಳುತ್ತಿದ್ದರಂತೆ. ನನಗೆ ಮೈಯೆಲ್ಲ ಉರಿಯಿತು. "ಆ ಹಕ್ಕಿ ದಿನಾ ಪಕ್ಕದ ಮನೆ ಹಕ್ಕಿ ಜೊತೆ ಕಿತ್ತಾಡತ್ತೆ. ನನ್ನ ಮಗಳು ಯಾರ ತಂಟೆಗೂ ಹೋದವಳಲ್ಲ" ಎಂದೆ. "ಹೌದಾ? ಹಾಗಾದ್ರೆ ಬೇಕರಿಯವನ ಮಗನ ಕೈ ಕಚ್ಚಿದ್ದು ಯಾರಮ್ಮ, ನಾನಾ?" ಎಂದರು ಅತ್ತೆ. ಆಲ್ವಿನ್, ನಾವಿಬ್ಬರೂ ನಕ್ಕೆವು. ನಗುತ್ತಲೇ ಅತ್ತುಬಿಟ್ಟೆವು. ಚಹಾ ಆರಿಹೋಗುವವರೆಗೂ ಮರಿಯಲ್ ಮರಿಯಲ್ ಎಂದು ಅವಳ ಮಾತನ್ನೇ ಆಡಿದೆವು. ಅದು ಅವಳೇ ಎಂದು ನಾನು ಈಗಲೂ ನಂಬುವುದಿಲ್ಲ. ಆದರೆ ಅದು ಬಂದಾಗಲೆಲ್ಲ ನಮ್ಮ ಬಾಯಲ್ಲಿ ಅವಳ ಹೆಸರು ಬರುತ್ತದೆ, ಅಷ್ಟು ಸಾಕು.

ಅದಕ್ಕೇ ಸಮಾಧಿಕಲ್ಲಿನ ಮೇಲೆ ರಾಬಿನ್ ಕೆತ್ತಿಸಬೇಕೆಂದು ತೀರ್ಮಾನಿಸಿದೆ. ಮನೆಗೆ ಬಂದಿದ್ದ ಪಾದ್ರಿಗಳು ಒಪ್ಪಲಿಲ್ಲ. "ಶಿಲುಬೆ ಆಗಬಹುದಮ್ಮ, ಪಾರಿವಾಳ ಆಗಬಹುದು. ಬೇರೆ ಹಕ್ಕಿಗೆ ನಿಯಮದಲ್ಲಿ ಅವಕಾಶ ಇಲ್ಲ" ಎಂದರು. "ಪಾರಿವಾಳ ನಮ್ಮ ಮನೆಗೆ ಬರಲಿಲ್ಲವಲ್ಲ, ಫಾದರ್" ಎಂದೆ. ಅವರು ಕೊಡೆ ತೆಗೆದುಕೊಂಡು ಹೊರಟರು. ನಾನು ಬಾಗಿಲಿಗೆ ಅಡ್ಡ ನಿಂತೆ, ಕದಲಲಿಲ್ಲ. ಏಳು ವರ್ಷದ ಮಗುವಿಗೆ ಏಳು ಅಂಗುಲದ ಹಕ್ಕಿ ಹೆಚ್ಚಾಯಿತೇ ಎಂದು ಕೇಳಿದೆ. ಕೊಡೆಯನ್ನು ಮತ್ತೆ ಗೋಡೆಗೆ ಒರಗಿಸಿ, "ಮೂಲೆಯಲ್ಲಿರಲಿ, ಚಿಕ್ಕದಾಗಿರಲಿ" ಎಂದರು. ಕೆತ್ತನೆ ಮುಗಿದಿದೆ. ಎದೆ ಸ್ವಲ್ಪ ಉಬ್ಬಿದೆ, ಜಗಳಕ್ಕೆ ನಿಂತ ಹಾಗೆ. ಅತ್ತೆಗೆ ಬಹಳ ಹಿಡಿಸಿತು.

ಅತ್ತೆಯ ಆಶೀರ್ವಾದ ನಿನಗೆ. ಬೆಚ್ಚಗಿರು.

ನಿನ್ನ
ಹಿಲ್ಡಾ

ಮರೆತಿದ್ದೆ: ಕಲ್ಲು ನಿಲ್ಲಿಸುವುದು ಇಪ್ಪತ್ತೊಂದರ ಶನಿವಾರ ಬೆಳಿಗ್ಗೆ. ಹಿಡಿದು ನಿಲ್ಲಿಸಲು ಇನ್ನೊಬ್ಬ ಗಂಡಾಳು ಬೇಕು, ಯಾರನ್ನಾದರೂ ಕರೆತರಲೇ ಎಂದು ಕಲ್ಲುಕುಟಿಗ ಕೇಳಿದ. ಬೇಡ, ಅವಳ ಅಪ್ಪ ಬರುತ್ತಾನೆ ಎಂದು ಹೇಳಿಬಿಟ್ಟಿದ್ದೇನೆ.